ಆಚೆ ದಡದ ಎರಡು ಬೇರಿಂಗ್

ಮಾರ್ಚ್ 3, ಸೋಮವಾರ

ಇಂದು ಬೆಳಕು ಹರಿಯುವ ಹೊತ್ತಿಗೆ ಸೇತುವೆಯನ್ನು ಪಕ್ಕಕ್ಕೆ ಎಳೆದು ಬಿಟ್ಟೆವು. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದರೂ ಆ ಗಳಿಗೆಯಲ್ಲಿ ನನ್ನ ಮುಖದ ಮೇಲೆ ಒಂದು ನಗು ಬರುತ್ತದೆಯಂತೆ. ಎಳೆಯುವ ಜಾಕ್‌ಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಹೇಳಿದ್ದು. ಬರಲಿ ಬಿಡಿ. ಸಾವಿರಾರು ಟನ್ ತೂಗುವ ರಸ್ತೆಯನ್ನು ಎರಡು ಬೆರಳಿನಗಲ ಸರಿಸಿ, ಗಕ್ಕನೆ ಕೈಬಿಟ್ಟು, ಅದು ತೂಗಾಡುವುದನ್ನು ನೋಡುವ ಭಾಗ್ಯ ಎಷ್ಟು ಜನರಿಗಿದೆ?

ಕಂಬದ ತಲೆಗೂ ರಸ್ತೆಯ ಹೊಟ್ಟೆಗೂ ನಡುವೆ ಕುಳಿತಿರುವ ಬೇರಿಂಗ್‌ಗಳೇ ನನ್ನ ಕಸುಬು. ಒಂದು ಪದರ ರಬ್ಬರ್, ಒಂದು ಪದರ ಉಕ್ಕಿನ ತಗಡು, ಮತ್ತೆ ರಬ್ಬರ್, ನಟ್ಟನಡುವೆ ಸೀಸದ ದಿಂಡು. ಭೂಮಿ ನಡುಗಿದಾಗ ಕಂಬ ಬೇಕಾದರೆ ಕುಣಿಯಲಿ, ಮೇಲಿನ ರಸ್ತೆ ಮಾತ್ರ ನಿಧಾನವಾಗಿ ತೂಗಿ ಸುಮ್ಮನಾಗಲಿ ಎಂದು ಇವನ್ನು ಇಡುತ್ತಾರೆ. ಕಾರ್ಖಾನೆಯಿಂದ ಬಂದ ದಿನ ಅವುಗಳ ಗುಣವೇನು ಎಂಬುದು ಕಾಗದದ ಮೇಲಿರುತ್ತದೆ. ವರ್ಷಗಟ್ಟಲೆ ಬಿಸಿಲು, ಚಳಿ, ಲಾರಿ ಎಲ್ಲ ಹೊತ್ತ ಮೇಲೆ ಆ ಗುಣ ಎಷ್ಟು ಉಳಿದಿದೆ ಎಂಬುದನ್ನು ಸೇತುವೆಯ ಬಾಯಿಂದಲೇ ಹೊರಡಿಸಬೇಕು. ಎಳೆಯಬೇಕು, ಬಿಡಬೇಕು, ಅದು ತೂಗಿದ್ದನ್ನು ಸೆನ್ಸರ್‌ಗಳಲ್ಲಿ ಹಿಡಿಯಬೇಕು. ಆಮೇಲೆ ಲೆಕ್ಕದಲ್ಲಿ ಹಿಂದಕ್ಕೆ ನಡೆದು, ಯಾವ ಬೇರಿಂಗ್ ಎಷ್ಟು ಬಿಗಿ, ಯಾವುದು ಎಷ್ಟು ಸಡಿಲ ಎಂದು ಹೇಳಬೇಕು. ಈ ಕೆಲಸದಲ್ಲಿ ನಾನು ತಪ್ಪಿದ್ದಿಲ್ಲ. ಜಂಬ ಎನ್ನುವವರು ಎನ್ನಲಿ, ಇದನ್ನು ಓದುವವಳು ನಾನೊಬ್ಬಳೇ.

ರಸ್ತೆ ಇಲಾಖೆಯ ಮುಖ್ಯಸ್ಥರು ಪೂರ್ತಿ ಹೊತ್ತು ನನ್ನ ಬೆನ್ನಿಗೇ ಅಂಟಿಕೊಂಡಿದ್ದರು. ಯಾವ ಕಾಗದಕ್ಕೂ ಮೂರು ಸಲ ಕೇಳದೆ ಸಹಿ ಹಾಕದ ಇವರಿಗೆ ನಾವಿಟ್ಟ ಹೆಸರು ಸಹಿ ಸಾಹೇಬರು.

"ಮೇಡಂ, ಗ್ರಾಫು ಗೀಫು ಎಲ್ಲಾ ನೀವೇ ಇಟ್ಕೊಳ್ಳಿ. ನನಗೆ ಒಂದೇ ಮಾತು ಹೇಳಿ. ಸೇತುವೆ ತೆರೆದಿರ್ಲಾ, ಮುಚ್ಲಾ?"

ಬೇರಿಂಗ್ ಕೆಟ್ಟಿದ್ದರೆ ಬದಲಿಸಲು ಎಂಟು ತಿಂಗಳು ಮುಚ್ಚಬೇಕು. ಅರ್ಧ ಊರು ಆಚೆ ದಡದಲ್ಲಿದೆ, ಆಸ್ಪತ್ರೆ ಇರುವುದು ಈಚೆ ದಡದಲ್ಲಿ. ಕೆಟ್ಟಿದ್ದನ್ನು ತೆರೆದಿಟ್ಟು, ಅದೇ ವೇಳೆಗೆ ನೆಲ ನಡುಗಿದರೆ ಏನಾಗುತ್ತದೆ ಎಂಬುದನ್ನು ಅವರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ತಿಂಗಳ ಕೊನೆಗೆ ವರದಿ ಕೊಡುತ್ತೇನೆ ಎಂದೆ.

ಮನೆಗೆ ಬಂದರೆ ನೀರಿಲಾಖೆ ಗಂಟು ಮುಖ ಹಾಕಿಕೊಂಡು ಮೇಜಿನ ಮುಂದೆ ಕುಳಿತಿತ್ತು. ಕಟ್ಟಿಕೊಂಡ ಗಂಡನನ್ನು ಹೀಗೆ ಬರೆಯಬಾರದು, ಗೊತ್ತು. ಆದರೆ ಊರಿನ ನೀರು ಸರಬರಾಜಿನ ಎಂಜಿನಿಯರ್ ಆಗಿ ಮೂವತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಮನುಷ್ಯ ಯಾವುದು, ಇಲಾಖೆ ಯಾವುದು ಎಂದು ಬೇರ್ಪಡಿಸಲು ನನ್ನ ಬಳಿ ಯಾವ ಸೆನ್ಸರೂ ಇಲ್ಲ.

"ನಿಮ್ಮೋರು ಬೆಳಿಗ್ಗೆ ನನ್ನ ವಾಲ್ವ್ ಏನಾದ್ರೂ ಮುಟ್ಟಿದ್ರಾ?"

"ನಮಗ್ಯಾಕೆ ರೀ ನಿಮ್ಮ ವಾಲ್ವು?"

"ಆಚೆ ದಡದ ಮೀಟರ್ ಕುಣೀತಂತೆ. ಒತ್ತಡದ ಮುಳ್ಳು. ನೀವು ಸೇತುವೆ ಬಿಟ್ಟ ಹೊತ್ತಿಗೇ."

ಸೇತುವೆಯೇ ಕುಣಿದಿದೆ, ಮುಳ್ಳು ಕುಣಿದರೆ ಏನಂತೆ? ಹಾಗೇ ಹೇಳಿದೆ. ನೀರಿಲಾಖೆ ಸುಮ್ಮನಾಯಿತು. ಸುಮ್ಮನಾಗುವುದರಲ್ಲಿ ಆ ಇಲಾಖೆಯನ್ನು ಮೀರಿಸುವವರಿಲ್ಲ.

ಈ ತಿಂಗಳ ಮೂವತ್ತೊಂದಕ್ಕೆ ಅದರ ನಿವೃತ್ತಿ. ಕಚೇರಿಯಲ್ಲಿ ಕೇಕು, ಎರಡು ಭಾಷಣ, ಒಂದು ಗೋಡೆ ಗಡಿಯಾರ. ನಿವೃತ್ತಿಯಾದವರಿಗೆಲ್ಲ ಅಲ್ಲಿ ಗೋಡೆ ಗಡಿಯಾರವೇ. "ಬರ್ತೀಯಾ?" ಎಂದು ಕೇಳಿತು. ಅಂದೇ ನನ್ನ ವರದಿ ಒಪ್ಪಿಸುವ ದಿನ. "ನೋಡೋಣ" ಎಂದೆ. ನೋಡೋಣ ಎಂದರೆ ಆಗುವುದಿಲ್ಲ ಎಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮಾರ್ಚ್ 5, ಬುಧವಾರ

ಸಿಕ್ಕಿತು!

ಎಲ್ಲ ಬೇರಿಂಗ್‌ಗಳೂ ವಯಸ್ಸಿಗೆ ತಕ್ಕ ಹಾಗೆ ಇವೆ, ಆಚೆ ದಡದ ಎರಡನ್ನು ಬಿಟ್ಟು. ಅವೆರಡರ ಬಿಗಿತ ಉಳಿದವುಗಳ ಮೂರು ಪಟ್ಟು. ಸೇತುವೆಯ ಈಚೆ ತುದಿ ಆರಾಮವಾಗಿ ತೂಗುತ್ತಿದ್ದರೆ ಆಚೆ ತುದಿ ಯಾರೋ ಸೆರಗು ಹಿಡಿದುಕೊಂಡ ಹಾಗೆ ನಿಂತಲ್ಲೇ ನಿಂತಿದೆ. ನನ್ನ ಲೆಕ್ಕದ ಗೆರೆಯೂ ಸೆನ್ಸರಿನ ಗೆರೆಯೂ ಒಂದರ ಮೇಲೊಂದು ಕೂತಿವೆ, ನಡುವೆ ಕೂದಲು ತೂರಿಸಲೂ ಜಾಗವಿಲ್ಲ. ಇಂಥ ದಿನ ಸಂಬಳ ಕೊಡದಿದ್ದರೂ ಕೆಲಸ ಮಾಡಬಹುದು ಅನ್ನಿಸುತ್ತದೆ. ಕೊಡಲಿ, ಆದರೂ.

ಕಾರಣವೂ ಹೊಳೆದಿದೆ. ಆಚೆ ದಡಕ್ಕೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ರಬ್ಬರ್ ಒಣಗಿ ಗಟ್ಟಿಯಾಗಿದೆ. ನೆಲ ನಡುಗಿದರೆ ಆ ತುದಿ ಹಿಡಿದುಕೊಳ್ಳುತ್ತದೆ, ಈ ತುದಿ ಓಡುತ್ತದೆ, ರಸ್ತೆ ತಿರುಚಿಕೊಳ್ಳುತ್ತದೆ.

ಅವಸರದಲ್ಲಿ ತೀರ್ಮಾನಿಸಿದೆ ಎಂದು ಯಾರೂ ಬೆರಳು ತೋರಿಸಬಾರದು, ಅದಕ್ಕೇ ರಸ್ತೆ ತೂಗಲು ಅಡ್ಡಿಯಾಗಬಹುದಾದದ್ದನ್ನೆಲ್ಲ ನಾನೇ ನೋಡಿ ಬಂದೆ. ಅಂಚಿನ ಕಂಬಿ ದಡಕ್ಕೆ ಸೇರದೆ ಬಿಡಿಯಾಗಿದೆ. ರಸ್ತೆ ಮುಗಿದು ದಡ ಶುರುವಾಗುವ ಸಂದಿನಲ್ಲಿ ಕಲ್ಲು ಮಣ್ಣು ತುಂಬಿಲ್ಲ. ಪಕ್ಕದಲ್ಲೇ, ಸೇತುವೆಯುದ್ದಕ್ಕೂ ಬರುವ ದೊಡ್ಡ ನೀರಿನ ಪೈಪು ಆ ಸಂದನ್ನು ದಾಟಿ ದಡದ ಕಾಂಕ್ರೀಟಿನೊಳಗೆ ಹೋಗುತ್ತದೆ. ಸಂದಿನ ಮೇಲೆ ಅದಕ್ಕೆ ತಗಡಿನ ಮುಚ್ಚಳ, ಒಳಗೆ ಬಳಕುವ ಜೋಡಣೆ. ರಸ್ತೆ ಎತ್ತ ಸರಿದರೂ ಜೋಡಣೆ ಬಳಕುತ್ತದೆ, ಪೈಪು ಅಡ್ಡ ಬರುವುದಿಲ್ಲ. ಅದನ್ನು ಬಿಚ್ಚಿ ನೋಡಬೇಕಾಗಿರಲಿಲ್ಲ. ಹಾಕಿಸಿದ್ದು ನೀರಿಲಾಖೆ. ಆ ಮನುಷ್ಯ ಮಾತು ಕಡಿಮೆ ಆಡಬಹುದು, ಕೆಲಸ ಕಡಿಮೆ ಮಾಡುವವನಲ್ಲ.

ಮಾರ್ಚ್ 8, ಶನಿವಾರ

ಸಹಿ ಸಾಹೇಬರಿಗೆ ಹೇಳಿದ್ದಾಯಿತು. ಅವರ ಮುಖ ಇಳಿದುಹೋಯಿತು. "ಖಾತ್ರಿನಾ ಮೇಡಂ? ಖಾತ್ರಿನಾ? ಅಲ್ಲ, ಖಾತ್ರಿನಾ?" ಖಾತ್ರಿ ಎಂದೆ. ಆದರೂ ನಿಯಮದಂತೆ ಎರಡರಲ್ಲಿ ಒಂದು ಬೇರಿಂಗನ್ನು ಹೊರತೆಗೆದು ಪ್ರಯೋಗಾಲಯದ ಯಂತ್ರದಲ್ಲಿ ಒತ್ತಿ ಎಳೆದು ನೋಡಬೇಕು. ಅದು ಬರೀ ಮುದ್ರೆ ಒತ್ತುವ ಕೆಲಸ.

ಊಟದ ಹೊತ್ತಿಗೆ ಮನೆಯಲ್ಲೂ ಹೇಳಿದೆ. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಎಂಟು ತಿಂಗಳಾ? ಆಚೆ ದಡದೋರು ಹೆರಿಗೆಗೆ ಎಲ್ಲಿಗೆ ಹೋಗ್ಬೇಕು?" ನದಿ ಸುತ್ತಿಕೊಂಡು ಬರಬೇಕು, ಇನ್ನೇನು. ಅವರ ಮಗ ನೀರಿಲಾಖೆ ಚಮಚ ಕೆಳಗಿಟ್ಟಿತು.

"ಎರಡೂ ಆಚೆ ದಡದ್ದೇನಾ?"

"ಹೂಂ."

"ರಬ್ಬರೇ ಕೆಟ್ಟಿರೋದು ಅಂತ ಖಾತ್ರಿ?"

ಒಂದೇ ದಿನ ಎಷ್ಟು ಜನರಿಗೆ ಖಾತ್ರಿ ಕೊಡಬೇಕು ನಾನು? ಸಿಟ್ಟು ಬಂತು. "ನಿಮ್ಮ ಪೈಪ್ ಬಗ್ಗೆ ನಾನ್ಯಾವತ್ತಾದ್ರೂ ಕೇಳಿದೀನಾ?"

"ಕೇಳ್ಬೇಕಿತ್ತು" ಎಂದು ತಟ್ಟೆಯನ್ನು ನೋಡುತ್ತಾ ಹೇಳಿ, ಎದ್ದು ಕೈತೊಳೆದುಕೊಂಡಿತು.

ಓಹೋ, ಇದೇನಾ ವಿಷಯ! ಹೆಂಡತಿ ತನ್ನ ಕೆಲಸದಲ್ಲಿ ಆಸಕ್ತಿ ತೋರಿಸುವುದಿಲ್ಲ ಎಂಬ ಕೊರಗು. ಆರು ವರ್ಷದ ಹಿಂದೆ ಆ ಪೈಪು ಹಾಕಿದಾಗ ಆಚೆ ದಡದವರು ನೀರಿಲಾಖೆಯನ್ನು ಹೆಗಲ ಮೇಲೆ ಹೊತ್ತುಕೊಳ್ಳುವುದೊಂದು ಬಾಕಿಯಿತ್ತು. ಅಲ್ಲಿಯವರೆಗೆ ಅಲ್ಲಿಗೆ ಟ್ಯಾಂಕರ್ ನೀರೇ ಗತಿ. ಈಗಲೂ ಆಚೆ ದಡದಲ್ಲಿ ಕ್ಷೌರದಂಗಡಿಗೆ ಹೋದರೆ ಸರದಿ ಕಾಯುವ ಹಾಗಿಲ್ಲ, ಕೂತವರನ್ನು ಎಬ್ಬಿಸಿ ಇದನ್ನು ಕೂರಿಸುತ್ತಾರೆ. ಆಗ ನಾನು ಬೇರೆ ಊರಿನ ಸೇತುವೆಯ ಮೇಲಿದ್ದೆ, ನೀರು ಬಿಟ್ಟ ದಿನ ಬರಲಿಲ್ಲ. ಅದನ್ನು ಇನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ನಾನೇನು ಮಾಡಲಿ?

ಮಾರ್ಚ್ 11, ಮಂಗಳವಾರ

ಅಡಿಗೆಮನೆಯ ನಲ್ಲಿ ಸೋರುತ್ತಿದೆ. "ಇಬ್ಬಿಬ್ಬರು ಎಂಜಿನಿಯರ್ ಇರೋ ಮನೆ" ಎಂದರು ಅತ್ತೆ, ಕೆಳಗೆ ಬಟ್ಟಲಿಡುತ್ತಾ.

ನೀರಿಲಾಖೆ ಅರ್ಧ ಊಟಕ್ಕೇ ಏಳುತ್ತಿದೆ. ನಿವೃತ್ತಿಯ ಭಯ ಇರಬೇಕು. ಸಂಜೆ ಎಲ್ಲೋ ಹೋಗಿ ಕೈಯೆಲ್ಲ ಧೂಳು ಮಾಡಿಕೊಂಡು ಬಂತು. ಕೇಳಿದರೆ, "ಹಳೇ ಸ್ಟೋರ್ ನೋಡ್ತಿದ್ದೆ." ಮೂವತ್ತೊಂದರ ನಂತರ ಹಳೇ ಸ್ಟೋರಿನಲ್ಲಿ ಏನಿದ್ದರೇನು, ಇಲ್ಲದಿದ್ದರೇನು?

ಮಾರ್ಚ್ 13, ಗುರುವಾರ

ಬೇರಿಂಗ್ ಹೊರಗೆ ಬಂತು. ಜಾಕ್‌ಗಳು ರಸ್ತೆಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಾಗ ಮೇಸ್ತ್ರಿ ಉಸಿರೇ ಬಿಡಲಿಲ್ಲ. ಅದರ ಜಾಗಕ್ಕೆ ಸದ್ಯಕ್ಕೆ ಬೇರೆಯದು ಕೂರಿಸಿದೆವು. ಹೊರಗೆ ತಂದದ್ದನ್ನು ಮುಟ್ಟಿ ನೋಡಿದೆ. ಅಂಚಿನಲ್ಲಿ ಒಂದು ಬಿರುಕೂ ಇಲ್ಲ. ಗಟ್ಟಿಯಾಗಿರುವುದು ಒಳಗೇ ಇರಬೇಕು.

ಮಾರ್ಚ್ 15, ಶನಿವಾರ

ಪ್ರಯೋಗಾಲಯದವರಿಗೆ ತಲೆ ಕೆಟ್ಟಿದೆ.

ಆ ಬೇರಿಂಗ್ ಹೊಸದರಷ್ಟೇ ಮೆತ್ತಗಿದೆಯಂತೆ. "ಮೇಡಂ, ಇದು ಇನ್ನೂ ಅಷ್ಟೇ ವರ್ಷ ಬರುತ್ತೆ" ಎಂದು ಅಲ್ಲಿನ ಮುಖ್ಯಸ್ಥ ಫೋನಿನಲ್ಲಿ ನಕ್ಕೂಬಿಟ್ಟ. ಮೊದಲು ನಿಮ್ಮ ಯಂತ್ರ ಸರಿಯಿದೆಯಾ ನೋಡಿಕೊಳ್ಳಿ ಎಂದು ದಬಾಯಿಸಿದೆ. ಬೇರೆ ಯಂತ್ರದಲ್ಲೂ ನೋಡಿದ್ದಾರಂತೆ.

ಲೆಕ್ಕವನ್ನು ಮೊದಲಿಂದ ಮಾಡಿದೆ. ಅದೇ ಬಂತು. ಸೆನ್ಸರ್ ಕೂತ ಜಾಗ, ಎಳೆಯುವ ಹಗ್ಗದ ಕೋನ, ಗಾಳಿ, ಎಲ್ಲ ನೋಡಿದೆ. ಅದೇ. ಬೇರಿಂಗ್ ಒಂಟಿಯಾಗಿದ್ದಾಗ ಮೆತ್ತಗೆ, ಸೇತುವೆಯ ಕೆಳಗೆ ಕೂತರೆ ಗಟ್ಟಿ. ಇದೆಂಥ ಗುಣ?

ಅತ್ತೆಯ ಮೇಲೂ ರೇಗಿದೆ. ಅವರು ಕೇಳಿದ್ದು ಚಹಾ ಬೇಕಾ ಎಂದು.

ಮಾರ್ಚ್ 16, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ನಲ್ಲಿಯ ಕೆಳಗಿನ ಬಟ್ಟಲು ತುಂಬಿದ್ದನ್ನು ಚೆಲ್ಲುತ್ತಿದ್ದೆ. ನಲ್ಲಿಯನ್ನು ಬಿಗಿ ಮಾಡೋಣವೆಂದು ತಿರುಗಿಸಿದರೆ ಗೋಡೆಯ ಮೇಲಿನ ಪೈಪು ಪೂರ್ತಿ ಅಲುಗಿತು, ಮಾಳಿಗೆಯ ತನಕ. ಅಲ್ಲೇ ನಿಂತುಬಿಟ್ಟೆ. ಆಚೆ ದಡದ ಮೀಟರ್ ಕುಣೀತಂತೆ, ನೀವು ಸೇತುವೆ ಬಿಟ್ಟ ಹೊತ್ತಿಗೇ. ಆ ಮೀಟರ್ ಇರುವುದು ಸೇತುವೆಯ ಮೇಲಲ್ಲ, ದಡದ ಕಾಂಕ್ರೀಟಿನ ಆಚೆ, ನೆಲದಲ್ಲಿ. ನಡುವೆ ಬಳಕುವ ಜೋಡಣೆ ಇದ್ದಿದ್ದರೆ ಸೇತುವೆಯ ಕುಣಿತ ಅಲ್ಲಿಗೆ ಮುಟ್ಟಬಾರದಾಗಿತ್ತು. ಮುಟ್ಟಿದೆ. ಅಂದರೆ ಆಚೆ ತುದಿಯನ್ನು ಹಿಡಿದುಕೊಂಡಿರುವುದು ರಬ್ಬರ್ ಅಲ್ಲ. ನಾನು ಇಷ್ಟು ದಿನ ಬೇರಿಂಗಿನದೆಂದು ಬರೆದುಕೊಂಡ ಬಿಗಿತ ಪೈಪಿನದು.

ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ನನ್ನ ಲೆಕ್ಕ ಸರಿಯಾಗಿತ್ತು, ಹೆಸರು ಮಾತ್ರ ತಪ್ಪು ಕೊಟ್ಟಿದ್ದೆ. ಆಮೇಲೆ, ಆ ಪೈಪು ಯಾರದು ಎಂಬುದು ನೆನಪಾಗಿ ಸಂತೋಷ ಅಲ್ಲೇ ನಿಂತಿತು.

ಮನೆಯಲ್ಲಿ ಹುಡುಕಿದರೆ ಮನುಷ್ಯ ಇಲ್ಲ. ಅಂಗಳದ ಪೆಟ್ಟಿಗೆಯಲ್ಲಿ ಸ್ಪ್ಯಾನರ್ ಹುಡುಕಿದೆ, ಅದೂ ಇಲ್ಲ. ಬರಿಗೈಯಲ್ಲೇ ಸೇತುವೆಗೆ ಹೋದೆ.

ಆಚೆ ತುದಿಯಲ್ಲಿ, ಪೈಪಿನ ಪಕ್ಕದ ಓಡಾಟದ ಹಲಗೆಯ ಮೇಲೆ ಇವರು ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ತಗಡಿನ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿಟ್ಟಿದ್ದರು. ಮುಚ್ಚಳ ಪಕ್ಕದಲ್ಲಿತ್ತು. ಒಳಗೆ ಜೋಡಣೆ ಇರಲಿಲ್ಲ. ದಪ್ಪ ಉಕ್ಕಿನ ಪೈಪು, ಒಂದೇ ತುಂಡು, ರಸ್ತೆಯಿಂದ ದಡಕ್ಕೆ ನೆಟ್ಟಗೆ ಬೆಸುಗೆಯಾಗಿತ್ತು.

ಪಕ್ಕದಲ್ಲಿ ಕೂತೆ. ಹಲಗೆ ಕಿರಕ್ಕೆಂದಿತು.

"ಜೋಡಣೆ ಬರೋದು ತಡ ಆಯ್ತು" ಎಂದರು. ನನ್ನ ಮುಖ ನೋಡಲಿಲ್ಲ. "ಬೇಸಿಗೆ. ಟ್ಯಾಂಕರ್ ಮುಂದೆ ದಿನಾ ಜಗಳ. ಒಂದು ಮುದುಕಮ್ಮ ಬಿಂದಿಗೆ ಹಿಡ್ಕೊಂಡು ಬಿದ್ದು ಸೊಂಟ ಮುರ್ಕೊಂಡ್ಲು. ಸದ್ಯಕ್ಕೆ ಅಂತ ಒಂದು ತುಂಡು ಬೆಸೆದು ನೀರು ಬಿಟ್ಟೆ. ಬಂದ್ಮೇಲೆ ಹಾಕಿದ್ರಾಯ್ತು ಅಂತ."

"ಬರ್ಲೇ ಇಲ್ವಾ?"

"ಬಂತು. ಮುಂದಿನ ವರ್ಷ ಬಂತು. ಹಾಕ್ಬೇಕಂದ್ರೆ ಎರಡು ದಿನ ನೀರು ನಿಲ್ಲಿಸ್ಬೇಕು. ಅಷ್ಟೊತ್ತಿಗೆ ನಾನು ಅಲ್ಲಿ..." ಮಾತು ನಿಲ್ಲಿಸಿ ನಕ್ಕರು. "ಕ್ಷೌರದಂಗಡೀಲೂ ಎಬ್ಬಿಸಿ ಕೂರಿಸ್ತಿದ್ರಲ್ಲ. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ಮುಚ್ಚಳ ಇದೆಯಲ್ಲ, ಕಣ್ಣಿಗೆ ಬೀಳಲ್ಲ. ಮರ್ತೇಹೋಯ್ತು ಅಂದ್ರೂ ಸುಳ್ಳೇ. ಅವತ್ತು ಮುಳ್ಳು ಕುಣೀತು ಅಂದಾಗ್ಲೇ ಗೊತ್ತಾಯ್ತು. ನಿನಗೆ ಹೇಳೋಕೆ ಬಂದೆ. ನೀನು ನಕ್ಕೆ."

ನಕ್ಕಿದ್ದೆ.

ಆಮೇಲೆ ನಾನು ಆಡಿದ ಮಾತನ್ನು ಬರೆಯಲೇಬೇಕು. ಇಪ್ಪತ್ತು ವರ್ಷದಿಂದ ಗ್ರಾಫಿನ ಒಂದು ಚುಕ್ಕೆ ಸರಿಸಿದವಳಲ್ಲ ನಾನು. ಆದರೆ ಬಾಯಿಂದ ಬಂದದ್ದು ಇದು: "ರೀ, ಜೋಡಣೆ ಸ್ಟೋರಲ್ಲಿದೆಯಲ್ಲ? ಪೈಪ್ ಒಡೀತು, ರಿಪೇರಿ ಅಂತ ಹೇಳಿ ನೀರು ನಿಲ್ಲಿಸಿ ಹಾಕ್ಬಿಡಿ. ಮತ್ತೆ ಎಳೆದು ನೋಡ್ತೀನಿ, ಸರಿ ಬರುತ್ತೆ. ಮೊದಲನೇ ಸಲ ಸೆನ್ಸರ್ ಕೈಕೊಡ್ತು ಅಂತ ಬರೀತೀನಿ. ನಿಮಗೆ ಇನ್ನು ಎರಡು ವಾರ ಇದೆ ಅಷ್ಟೇ. ನೆಮ್ಮದಿಯಾಗಿ ಹೊರಗೆ ಬನ್ನಿ."

ಅವರು ಒಂದು ಬೋಲ್ಟ್ ತೆಗೆದುಕೊಂಡು ಅಂಗಿಯಿಂದ ಒರೆಸಿ ಮತ್ತೆ ಸಾಲಿನಲ್ಲಿಟ್ಟರು.

"ಸೆನ್ಸರ್ ಸರಿಯಾಗೇ ಹೇಳಿದೆ. ನಿನ್ನ ಲೆಕ್ಕಾನೂ ಸರಿಯಾಗೇ ಇದೆ. ನನಗೋಸ್ಕರ ಅದು ತಪ್ಪು ಅಂತ ಬರೀತೀಯಾ? ನಾಳೆ ಇನ್ನೊಂದು ಸೇತುವೇಲಿ ಇಂಥದ್ದೇ ಪೈಪ್ ಇದ್ರೆ, ಅಲ್ಲಿರೋರಿಗೆ ಹೇಗೆ ಗೊತ್ತಾಗ್ಬೇಕು?" ಇನ್ನೊಂದು ಬೋಲ್ಟ್ ಎತ್ತಿಕೊಂಡು, "ನಾಳೆ ನಾನೇ ಬರ್ದುಕೊಡ್ತೀನಿ" ಎಂದರು.

ಜಗಳವಾಡಿದೆ. ಗೆಲ್ಲಲಿಲ್ಲ. ಇಬ್ಬರೂ ಸೇರಿ ಮುಚ್ಚಳ ಹಾಕಿ ಮನೆಗೆ ಬಂದೆವು. ಅತ್ತೆ ಇಬ್ಬರ ಕೈಯ ತುಕ್ಕು ನೋಡಿ, "ಹೊರಗೆ ಹೋಗಿ ರಿಪೇರಿ ಮಾಡ್ತೀರಿ, ಮನೆ ನಲ್ಲಿ ಯಾರು ನೋಡ್ತಾರೆ?" ಎಂದರು.

ಮಾರ್ಚ್ 18, ಮಂಗಳವಾರ

ಸಹಿ ಸಾಹೇಬರಿಗೆ ಎಲ್ಲ ಹೇಳಿದೆ. ಹಾರಾಡುತ್ತಾರೆ ಅಂದುಕೊಂಡಿದ್ದೆ. "ಹಾಗಾದ್ರೆ ಮುಚ್ಬೇಕಾಗಿಲ್ವಾ? ನಿಜವಾಗ್ಲೂ? ಬೇಕಾಗಿಲ್ವಾ?" ಎಂದು ಕಣ್ಣು ಒರೆಸಿಕೊಂಡರು. ಪೈಪ್ ಬಿಡಿಸಿ ಮತ್ತೊಮ್ಮೆ ಎಳೆದು ತೋರಿಸಿದ ಮೇಲೆ ಹೇಳುತ್ತೇನೆ ಎಂದೆ. ಈ ಸಲ ಖಾತ್ರಿಯ ಮಾತು ಎತ್ತಲಿಲ್ಲ.

ಇವರ ಕಚೇರಿಯಲ್ಲಿ ಮಾತ್ರ ಬೇರೆ ಕಥೆ. ಬರೆದುಕೊಟ್ಟ ಕೂಡಲೇ ಮೇಲಿನವರು ವಿಚಾರಣೆ ಶುರು ಮಾಡಿದ್ದಾರೆ. ಬೀಳ್ಕೊಡುಗೆ ರದ್ದು. ಕೇಕಿಲ್ಲ, ಭಾಷಣವಿಲ್ಲ, ಗಡಿಯಾರವಿಲ್ಲ. ಮೂವತ್ತು ವರ್ಷ ಈ ಊರಿನ ಗಂಟಲು ಒದ್ದೆ ಮಾಡಿದವರಿಗೆ ಒಂದು ಗಡಿಯಾರ ಕೊಡಲು ಇವರ ಗಂಟೇನು ಹೋಗುತ್ತಿತ್ತು? ಅಲ್ಲಿಗೆ ಹೋಗಿ ನಾಲ್ಕು ಮಾತು ಕೇಳಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡೆ. ಇವರು ಬಾಗಿಲಿಗೆ ಅಡ್ಡ ನಿಂತರು.

"ಸುಮ್ನಿರು. ತಪ್ಪು ಮಾಡ್ದೋನು ನಾನು. ವಿಚಾರಿಸ್ಲಿ."

"ನೀವು ಬಿಡಿ, ನನಗೆ ಉರಿಯುತ್ತೆ."

"ಉರೀಲಿ. ಸ್ವಲ್ಪ ನೀರು ಕುಡಿ" ಎಂದರು. ಇಂಥ ಹೊತ್ತಿನಲ್ಲೂ ಇಲಾಖೆಯ ಜೋಕು!

ಇಂದು ಪೂರ್ತಿ ಊಟ ಮಾಡಿದರು.

ಮಾರ್ಚ್ 21, ಶುಕ್ರವಾರ

ಆಚೆ ದಡಕ್ಕೆ ನೀರು ನಿಂತು ಇಂದಿಗೆ ಎರಡನೇ ದಿನ. ಹಳೇ ಸ್ಟೋರಿನಿಂದ ಹೊರಬಂದ ಜೋಡಣೆ ಸುತ್ತಿದ್ದ ಕಾಗದದಲ್ಲೇ ಇತ್ತು, ಸುಕ್ಕುಸುಕ್ಕಾದ ಉಕ್ಕಿನ ತೋಳು. ಹಾಕುವ ಮುಂಚೆ ಅದನ್ನೂ ಪ್ರಯೋಗಾಲಯಕ್ಕೆ ಕಳಿಸಿ ಎಳೆಸಿದೆ. "ನಿನಗೆ ಏನು ಸಿಕ್ಕಿದ್ರೂ ಎಳೀಬೇಕು" ಎಂದರು. ಹೌದು, ಎಳೆಯಬೇಕು.

ಮಧ್ಯಾಹ್ನ ಸೇತುವೆಯಿಂದ ನೋಡಿದೆ. ಟ್ಯಾಂಕರ್ ಪಕ್ಕದಲ್ಲಿ ಇವರೇ ಕೊಳವೆ ಹಿಡಿದು ನಿಂತಿದ್ದರು. ಜನ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಒಬ್ಬಾಕೆಯಂತೂ ಸೊಂಟಕ್ಕೆ ಕೈಯಿಟ್ಟು, "ನಿಮ್ಮನ್ನ ದೇವ್ರು ಅಂದ್ಕೊಂಡಿದ್ವಲ್ಲ!" ಎಂದಳು. ಇವರು ಅವಳ ಬಕೆಟ್ಟಿಗೆ ಕೊಳವೆ ಬಿಡುತ್ತಾ, "ಅಂದ್ಕೊಂಡಿದ್ದು ನಿಮ್ಮ ತಪ್ಪಮ್ಮ, ಬಕೆಟ್ ಸರಿಯಾಗಿ ಹಿಡೀರಿ" ಎಂದರು. ಅವಳಿಗೂ ನಗು ತಡೆಯಲಾಗಲಿಲ್ಲ.

ಮಾತು ಕಡಿಮೆ ಎಂದು ಯಾರು ಹೇಳಿದ್ದು ಇವರಿಗೆ?

ಮಾರ್ಚ್ 24, ಸೋಮವಾರ

ಎರಡನೇ ಸಲ ಎಳೆದೆವು.

ಇವರು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಆಚೆ ದಡದ ಮೀಟರಿನ ಮುಂದೆ ಹೋಗಿ ಕೂತಿದ್ದರು. ಅಲ್ಲಿಂದ ಸೇತುವೆ ಕಾಣುವುದಿಲ್ಲ. ನನಗೆ ಮೀಟರ್ ಕಾಣುವುದಿಲ್ಲ. ಇಬ್ಬರ ಕೈಯಲ್ಲೂ ಫೋನು.

ಮೇಸ್ತ್ರಿ ಜಾಕ್ ಒತ್ತಿದ. ಹಗ್ಗ ಬಿಗಿಯಾಯಿತು, ರಸ್ತೆ ಸರಿಯಿತು. ಸಹಿ ಸಾಹೇಬರು ನನ್ನ ತೋಳು ಹಿಡಿದುಕೊಂಡಿದ್ದರು, ಅವರಿಗೇ ಗೊತ್ತಿರಲಿಲ್ಲ. ಕೈ ಎತ್ತಿದೆ. ಇಳಿಸಿದೆ. ಗಕ್ಕನೆ ಬಿಟ್ಟಿತು.

ಈಚೆ ತುದಿ ತೂಗಿತು. ಆಚೆ ತುದಿಯೂ ತೂಗಿತು, ಜೊತೆಜೊತೆಗೆ, ಅದೇ ಲಯದಲ್ಲಿ. ಒಂದೆರಡು ಸಲ ಹೋಗಿ ಬಂದು ಮೊದಲಿದ್ದ ಜಾಗದಲ್ಲೇ ಸುಮ್ಮನಾಯಿತು. ಫೋನಿನಲ್ಲಿ ಕೇಳಿದೆ.

"ರೀ, ಮುಳ್ಳು?"

"ಅಲ್ಲಾಡ್ಲಿಲ್ಲ." ಉಸಿರು ಬಿಟ್ಟದ್ದು ಕೇಳಿಸಿತು. "ಸೇತುವೆ?"

"ಅಲ್ಲಾಡ್ತು ರೀ. ಚೆನ್ನಾಗಿ ಅಲ್ಲಾಡ್ತು!"

ಮೇಸ್ತ್ರಿಯ ಪ್ರಕಾರ ಈ ಸಲ ನಾನು ನಗಲಿಲ್ಲ, ಅತ್ತುಬಿಟ್ಟೆ. ಅವನಿಗೆ ಕಣ್ಣು ಸರಿಯಿಲ್ಲ, ಗಾಳಿಯಿತ್ತು.

ಮಾರ್ಚ್ 29, ಶನಿವಾರ

ವರದಿ ಮುಗಿಯಿತು. ಎಲ್ಲ ಬೇರಿಂಗ್‌ಗಳೂ ಗಟ್ಟಿಮುಟ್ಟು, ಸೇತುವೆ ತೆರೆದಿರಬಹುದು. ಬಿಗಿತ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಪುಟ. ಅದನ್ನು ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಒಳ್ಳೇ ಪೈಪ್ ಅಂತ ಎಲ್ಲೂ ಬರ್ದಿಲ್ಲ. ಮೂರು ಪಟ್ಟು ಬಿಗಿ! ಬೆಸುಗೆ ಹೇಗಿತ್ತು ನೋಡು" ಎಂದರು. ಅದರ ಕೆಳಗೆ ನಾನೇ ಒಂದು ಸಾಲು ಸೇರಿಸಿದೆ: ಮುಚ್ಚಳ ತೆರೆಯದೆ ಒಳಗೆ ಜೋಡಣೆ ಇದೆಯೆಂದುಕೊಂಡದ್ದು ಪರೀಕ್ಷಕಿಯ ತಪ್ಪು. ಏಕೆ ತೆರೆಯಲಿಲ್ಲ ಎಂಬುದನ್ನು ಬರೆಯಲಿಲ್ಲ, ಅದಕ್ಕೆ ವರದಿಯಲ್ಲಿ ಅಂಕಣವಿಲ್ಲ.

ಮಾರ್ಚ್ 31, ಸೋಮವಾರ

ಬೆಳಿಗ್ಗೆಯೇ ವರದಿ ಒಪ್ಪಿಸಿದೆ. ಸಹಿ ಸಾಹೇಬರು ಒಂದೇ ಸಲ ಕೇಳಿ ಸಹಿ ಹಾಕಿದರು. ಕೈಗೆ ಬಂದ ಪೆನ್ನನ್ನು ತಾವೇ ಆಶ್ಚರ್ಯದಿಂದ ನೋಡಿಕೊಂಡರು.

ಮಧ್ಯಾಹ್ನದ ಮೇಲೆ ಕೆಲಸವಿರಲಿಲ್ಲ. ಇತ್ತು, ಆದರೆ ಅವಸರದ್ದಲ್ಲ. ಅರ್ಧ ದಿನ ರಜೆ ಬರೆದೆ. ನೀರಿನ ಕಚೇರಿಯ ದಾರಿಯಲ್ಲಿ ಒಂದು ಗಡಿಯಾರದ ಅಂಗಡಿ ಸಿಗುತ್ತದೆ. ಮನೆಯದು ಹೇಗೂ ನಿಧಾನ ಓಡುತ್ತಿತ್ತು, ಒಂದು ಗೋಡೆ ಗಡಿಯಾರ ಕೊಂಡೆ. ಅಂಗಡಿಯವನು ಬಣ್ಣದ ಕಾಗದ ಸುತ್ತಲಾ ಎಂದು ಕೇಳಿದ. ಸುತ್ತು ಎಂದೆ.

ಕಚೇರಿಯ ಗೇಟಿನ ಮುಂದೆ ನಿಂತೆ. ಬಾಗಿಲಿನವನು ಬಂದು ಏನು ಬೇಕು ಎಂದು ಕೇಳಿದ. "ಏನೂ ಬೇಡ, ನಮ್ಮನೆಯವರು ಬರ್ತಾರೆ" ಎಂದೆ. ಅವನು ಒಳಗಿಂದ ಕುರ್ಚಿ ತಂದುಹಾಕಿದ.

ಇವರು ಬೀಗದ ಕೈ ಒಪ್ಪಿಸಿ, ಊಟದ ಡಬ್ಬಿ ಹಿಡಿದುಕೊಂಡು, ಒಬ್ಬರೇ ಮೆಟ್ಟಿಲಿಳಿದು ಬಂದರು. ಮೇಲಿನ ಕಿಟಕಿಗಳಲ್ಲಿ ಜನ ನಿಂತಿದ್ದರು, ಕೆಳಗೆ ಬರುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನನ್ನು ನೋಡಿ ಕೊನೆಯ ಮೆಟ್ಟಿಲ ಮೇಲೆ ನಿಂತರು.

"ಏನಾಯ್ತು? ಅಮ್ಮ ಹುಷಾರಾಗಿದ್ದಾರೆ ತಾನೇ?"

"ಎಲ್ಲಾ ಹುಷಾರಾಗಿದ್ದಾರೆ. ತಗೊಳ್ಳಿ."

ಕಾಗದ ಬಿಚ್ಚಿ ನೋಡಿದರು. ತುಂಬ ಹೊತ್ತು ನೋಡಿದರು, ಗಡಿಯಾರದಲ್ಲಿ ಅಷ್ಟು ನೋಡುವಂಥದ್ದೇನೂ ಇಲ್ಲ. ಆಮೇಲೆ, "ಗಡಿಯಾರ ಆಯ್ತು. ಭಾಷಣ ಯಾರು ಮಾಡ್ತಾರೆ?" ಎಂದರು.

"ನಡೀರಿ, ನಾನೇ ಮಾಡ್ತೀನಿ."

ಮನೆಗೆ ಹತ್ತಿರದ ದಾರಿ ಬಿಟ್ಟು ಸೇತುವೆಯ ಕಡೆ ನಡೆದೆವು. ಆಚೆ ತುದಿಯಲ್ಲಿ ಮುಚ್ಚಳದ ಪಕ್ಕ ನಿಂತೆವು. ಒಂದು ದೊಡ್ಡ ಲಾರಿ ದಾಟಿತು, ಕಾಲಡಿಯಲ್ಲಿ ರಸ್ತೆ ಸಣ್ಣಗೆ ತೂಗಿತು. ಎಷ್ಟೋ ಸಭೆಗಳಲ್ಲಿ ಮಾತಾಡಿದವಳು ನಾನು, ಬಗ್ಗಿ ಮುಚ್ಚಳದ ಬೋಲ್ಟುಗಳನ್ನು ಎಣಿಸತೊಡಗಿದೆ.

"ಭಾಷಣ?" ಎಂದರು.

"ಅವತ್ತು ಮುಳ್ಳು ಕುಣೀತು ಅಂದ್ರಲ್ಲ," ಎಂದೆ. "ಅವತ್ತೇ ಕೇಳಿಸ್ಕೊಬೇಕಿತ್ತು."

ಕಾದರು. "ಅಷ್ಟೇನಾ?"

"ಅಷ್ಟೇ."

ಡಬ್ಬಿಯನ್ನೂ ಗಡಿಯಾರವನ್ನೂ ಕಂಕುಳಲ್ಲಿ ಇರುಕಿಕೊಂಡು ಚಪ್ಪಾಳೆ ತಟ್ಟಿದರು. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಗಡಿಯಾರವನ್ನು ಅಡಿಗೆಮನೆಯಲ್ಲಿ ಹಾಕಿದ್ದೇವೆ. ಅತ್ತೆ ಅದು ಎರಡು ನಿಮಿಷ ಮುಂದಿದೆ ಎನ್ನುತ್ತಾರೆ. ನಲ್ಲಿ ಇನ್ನೂ ಸೋರುತ್ತಿದೆ. ನಾಳೆ ಬೆಳಿಗ್ಗೆ ಇವರು ಬಿಚ್ಚುತ್ತಾರಂತೆ, ನಾನು ಸ್ಪ್ಯಾನರ್ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲಬೇಕಂತೆ. ಒಂಬತ್ತಕ್ಕೆ ನನಗೆ ಮೀಟಿಂಗ್ ಇದೆ. ನೋಡೋಣ ಎನ್ನಲು ಹೋಗಿ, ಆಯಿತು ಎಂದೆ.